ಹಂಡೆಯ ನೀರು ಮತ್ತು ವಿದ್ಯುತ್ತಿನ ಬಿಡುವೇಳೆ

ವಿದ್ಯುತ್ತಿನ ಬೇಡಿಕೆ ಕುಗ್ಗಿರುವ ವೇಳೆಯಲ್ಲಿ ಶಾಖವನ್ನು ಉತ್ಪಾದಿಸಿ, ಕೂಡಿಟ್ಟು, ಬೇಕಾದಾಗ ಬಳಸುವ ಪದ್ಧತಿಯು ಶೀತದೇಶಗಳಲ್ಲಿ ರೂಢಿಯಲ್ಲಿದೆ. ಇಂಗ್ಲೆಂಡಿನಲ್ಲಿ 1978ರಲ್ಲಿ ರಾತ್ರಿಯ ಏಳು ಗಂಟೆಗಳಿಗೆ ಅಗ್ಗದ ದರವೊಂದು ಜಾರಿಗೆ ಬಂದಿತು; ಆ ಹೊತ್ತಿನಲ್ಲಿ ಕಾದ ಭಾರವಾದ ಇಟ್ಟಿಗೆಗಳು ಮರುದಿನ ಕೋಣೆಯನ್ನು ಬೆಚ್ಚಗಿಡುತ್ತವೆ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಲ್ಲಿ ಪುಷ್ಯಮಾಸದ ಚಳಿಗೂ ಕೋಣೆಯನ್ನು ಕಾಯಿಸಬೇಕಾಗಿಲ್ಲ. ಅಲ್ಲಿ ಕಾಯಬೇಕಾದುದು ಮೀಯುವ ನೀರು.

ಈ ತೆಂಗಿನ ಸೀಮೆಯ ಬಚ್ಚಲುಮನೆಯ ಹಂಡೆಯೇ ಒಂದು ಶಾಖಸಂಗ್ರಾಹಕವೆಂಬುದನ್ನು ವಾಚಕರು ಗಮನಿಸಬೇಕು. ತಾಮ್ರದ ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಹುದುಗಿಸಿರುತ್ತಾರೆ. ಸೋಗೆ, ಎಡೆಮಟ್ಟೆ, ಕರಟಗಳ ಉರಿ ನಂದಿದ ಮೇಲೆಯೂ ಬೂದಿ ಮುಚ್ಚಿದ ಕೆಂಡವೂ ಕಾದ ಮಣ್ಣೂ ನೀರನ್ನು ಬಹಳ ಹೊತ್ತು ಆರಗೊಡುವುದಿಲ್ಲ. ಉರುವಲು ತೋಟದ್ದಾದುದರಿಂದ ಇದಕ್ಕೆ ಖರ್ಚಿಲ್ಲವೆನ್ನುವುದುಂಟು. ಆದರೆ ಸಿಪ್ಪೆಗೆ ನಾರಿನ ಕೈಗಾರಿಕೆಯಲ್ಲಿಯೂ ಕರಟಕ್ಕೆ ಇದ್ದಲಿನ ತಯಾರಿಕೆಯಲ್ಲಿಯೂ ಬೆಲೆಯುಂಟು. ಒಲೆಯ ಮುಂದೆ ಹೊಗೆ ಕುಡಿಯುವ ಗೃಹಿಣಿಯ ಕಣ್ಣು ಮತ್ತು ಶ್ವಾಸಕೋಶಗಳನ್ನಂತೂ ಲೆಕ್ಕಕ್ಕೆ ಹಿಡಿಯದಿರುವುದು ನ್ಯಾಯವಲ್ಲ.

ವಿದ್ಯುತ್ತಿನ ಲೆಕ್ಕ ಸರಳವಾದುದು. 100 ಲೀಟರ್ ನೀರನ್ನು 22 ಡಿಗ್ರಿ ಸೆಂಟಿಗ್ರೇಡಿನಿಂದ 47 ಡಿಗ್ರಿಗೆ ಏರಿಸಲು 2,500 ಕಿಲೊಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ 860 ಕಿಲೊಕ್ಯಾಲೊರಿಗೆ ಸಮ. ಆದುದರಿಂದ ಸುಮಾರು 2.9 ಯೂನಿಟ್ಟುಗಳು ವ್ಯಯವಾಗುತ್ತವೆ. ಯಾವ ಗಂಟೆಯಲ್ಲಿ ಕಾಯಿಸಿದರೂ ಈ ಮೊತ್ತ ತಗ್ಗದು. ಕೂಡಿಟ್ಟರೆ ಸೋರಿಕೆಯಿಂದ ತುಸು ಹೆಚ್ಚೇ ಆದೀತು. ಬದಲಾಗುವುದು ವಿದ್ಯುಜ್ಜಾಲದ ಮೇಲಿನ ಹೊರೆ ಮಾತ್ರ. ಬೆಳಗ್ಗೆ ಎಲ್ಲ ಮನೆಗಳೂ ಏಕಕಾಲದಲ್ಲಿ ನೀರು ಕಾಯಿಸತೊಡಗಿದರೆ ಆ ಒಂದೆರಡು ಗಂಟೆಗಾಗಿಯೇ ಪರಿವರ್ತಕಗಳನ್ನೂ ತಂತಿಗಳನ್ನೂ ಬಲಪಡಿಸಬೇಕಾಗುತ್ತದೆ.

ಹಾಗಾದರೆ ನಮ್ಮ ಬಿಡುವೇಳೆ ಯಾವುದು? ಇಂಗ್ಲೆಂಡನ್ನು ಅನುಸರಿಸಿ ರಾತ್ರಿಯೆಂದುಬಿಡುವುದು ಸಲ್ಲದು. ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರ ಹೊತ್ತಿಗೆ ಪೂರ್ಣಗೊಂಡ 2,050 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರವು ನಡುಹಗಲಿನಲ್ಲಿ ಉತ್ಕರ್ಷಕ್ಕೇರಿ, ದೀಪ ಹಚ್ಚುವ ವೇಳೆಗೆ ಶೂನ್ಯಕ್ಕಿಳಿಯುತ್ತದೆ. ನೀರನ್ನು ಕಾಯಿಸಲು ತಕ್ಕ ಕಾಲ ಆ ನಡುಹಗಲೇ. ಉಷ್ಣನಿರೋಧಕ ಹೊದಿಕೆ ದಪ್ಪವಾಗಿದ್ದರೆ ಮಧ್ಯಾಹ್ನ ಕಾದ ನೀರು ಮರುದಿನದ ಬೆಳಗಿಗೂ ಒದಗುತ್ತದೆ. ತೋಟದಿಂದ ಹಿಂದಿರುಗಿ ಸಂಜೆ ಮೀಯುವವರಿಗೆ ಅಷ್ಟು ಹೊದಿಕೆಯೂ ಬೇಡ. ಬಿಸಿಲನ್ನು ನೇರವಾಗಿ ಹಿಡಿಯುವ ಸೌರ ಜಲತಾಪಕವೇ ಮೇಲಲ್ಲವೇ ಎಂದು ಕೇಳಬಹುದು. ಬಿಸಿಲು ಬೀಳುವ ತಾರಸಿಯಿದ್ದಲ್ಲಿ ಮೇಲೇ ಸರಿ. ತೆಂಗಿನ ನೆರಳಿನಲ್ಲಿರುವ ಹೆಂಚಿನ ಮನೆಗೆ ಅದು ಒದಗದು.

ಸೂರ್ಯಕಾಲದ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡಾ 20ರಷ್ಟು ಕಡಮೆಯಿರಬೇಕೆಂದು ಕೇಂದ್ರ ಸರ್ಕಾರವು 2023ರಲ್ಲಿ ತಿದ್ದಿದ ನಿಯಮಗಳು ವಿಧಿಸುತ್ತವೆ. ವೇಳೆಯನ್ನು ಗುರುತಿಸದ ಮೀಟರಿರುವ ಮನೆಗೆ ಮಾತ್ರ ನಡುಹಗಲಿನ ಯೂನಿಟ್ಟೂ ಮುಂಜಾನೆಯ ಯೂನಿಟ್ಟೂ ಒಂದೇ ಬೆಲೆಯವಾಗಿ ಉಳಿಯುತ್ತವೆ.