ಪುಟ್ಟ ವಿಮಾನಕ್ಕೆ ಪೆಟ್ರೋಲ್: ಕಾಣದ ಕಿಡಿಯ ಭಯ
ಮೈಕ್ರೋಲೈಟ್ ವಿಮಾನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ರೋಟಾಕ್ಸ್ 912 ಎಂಜಿನ್ ವಾಹನಗಳ ಪೆಟ್ರೋಲ್‌ನಿಂದಲೇ ಓಡಬಲ್ಲದು. ಹೀಗಾಗಿ ಇಂಧನವು ಬಂಕ್‌ನಿಂದ ಕ್ಯಾನ್‌ಗಳಲ್ಲಿ ಬರುವುದುಂಟು. ಅಪಾಯ ಆರಂಭವಾಗುವುದೂ ಅಲ್ಲಿಂದಲೇ.

ಕೊಳವೆಯಲ್ಲಿ ಹರಿಯುವ ಪೆಟ್ರೋಲ್ ಸ್ಥಿರ ವಿದ್ಯುತ್ತನ್ನು ಹುಟ್ಟಿಸುತ್ತದೆ. ವಾಹನದ ಪ್ಲಾಸ್ಟಿಕ್ ಹಾಸಿನ ಮೇಲಿರುವ ಕ್ಯಾನ್‌ನಿಂದ ಅದು ನೆಲಕ್ಕೆ ಇಳಿಯಲಾರದು. ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಬಂಕ್‌ನಲ್ಲಿ ಮೊಬೈಲ್‌ಗೆ ಅಂಜುವವರೂ ಇದನ್ನು ಲೆಕ್ಕಿಸುವುದಿಲ್ಲ! ಕ್ಯಾನನ್ನು ನೆಲಕ್ಕಿಳಿಸಿ, ನಳಿಕೆಯನ್ನು ಅದರ ಬಾಯಿಗೆ ತಾಗಿಸಿಯೇ ನಿಧಾನವಾಗಿ ತುಂಬಿಸಬೇಕು. ಇಂಧನ ಹಿಗ್ಗಲು ತುಸು ಜಾಗ ಬಿಡಬೇಕು.

ವಿಮಾನಕ್ಕೆ ಪಂಪ್ ಮಾಡುವಾಗ, ಟ್ಯಾಂಕಿನ ಮುಚ್ಚಳ ತೆರೆಯುವ ಮುನ್ನವೇ ಲೋಹದ ಕ್ಯಾನ್, ಪಂಪ್ ಹಾಗೂ ವಿಮಾನದ ಲೋಹಭಾಗವನ್ನು ತಂತಿಯಿಂದ ಜೋಡಿಸಬೇಕು.

ಇನ್ನೊಂದು ತೊಡಕು ಎಥೆನಾಲ್. ಭಾರತದ ಬಂಕ್‌ಗಳಲ್ಲೀಗ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯ. ರೋಟಾಕ್ಸ್ 912ಕ್ಕೆ ತಯಾರಕರು ಒಪ್ಪಿರುವುದು ಶೇ. 10ರವರೆಗೆ ಮಾತ್ರ.