ನರ್ತಿಸದ ಉಷ್ಟ್ರಪಕ್ಷಿಗಳು

ಬಾಲ್ಯದ ನೆನಪು ಎಂದೊಡನೆ ನಾವು ಬರೆಯುವುದೆಲ್ಲ ಬಹುಮಟ್ಟಿಗೆ ಒಂದೇ ಬಗೆಯದು. ಹಿತ್ತಿಲ ಮಾವಿನ ಮರ, ಅಜ್ಜಿಯ ಕೈತುತ್ತು, ಮೊದಲ ಮಳೆಯಲ್ಲಿ ನೆನೆದ ಪಾಟೀಚೀಲ. ಇಂಥ ಬರಹಗಳ ಉತ್ಪಾದನೆಯಲ್ಲಿ ನನ್ನಂಥ ನಿವೃತ್ತ ಅಧಿಕಾರಿಗಳ ಪಾಲು ಸಾಕಷ್ಟು ದೊಡ್ಡದು. ಪಿಂಚಣಿ ಮತ್ತು ಬಿಡುವು ಒಟ್ಟಿಗೆ ಲಭಿಸಿದಾಗ ಪೂರೈಕೆ ಹೆಚ್ಚುವುದು ಸಹಜ ಎಂದು ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ಒಪ್ಪಿಕೊಳ್ಳುತ್ತೇನೆ. ಈ ಬರಹಗಳಲ್ಲಿ ಯಾರಿಗೂ ಸಿಟ್ಟಿರುವುದಿಲ್ಲ, ಯಾರ ಕೈಯಿಂದಲೂ ಏನೂ ತಪ್ಪಿಹೋಗಿರುವುದಿಲ್ಲ. ಕಳೆದ ವರ್ಷ ಮಗಳು ತಂದುಕೊಟ್ಟ ಚಿತ್ರಸಂಪುಟವೊಂದನ್ನು ತೆರೆಯುವವರೆಗೆ ನನಗೂ ಇದರಲ್ಲಿ ಕೊರತೆಯೇನೂ ಕಂಡಿರಲಿಲ್ಲ.

ಆ ಸಂಪುಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪೋರ್ಚುಗಲ್ ಮೂಲದ ಕಲಾವಿದೆ ಪೌಲಾ ರೇಗೊ 1995ರಲ್ಲಿ ಪ್ಯಾಸ್ಟೆಲ್‌ನಲ್ಲಿ ರಚಿಸಿದ ಒಂದು ಕೃತಿ. ಅದರ ಹೆಸರು ತುಸು ಉದ್ದ: 'ವಾಲ್ಟ್ ಡಿಸ್ನಿಯ ಫ್ಯಾಂಟೇಸಿಯಾದ ನರ್ತಿಸುವ ಉಷ್ಟ್ರಪಕ್ಷಿಗಳು'. ಒಂದೇ ಚಿತ್ರವೂ ಅಲ್ಲ, ಹಲವು ಫಲಕಗಳ ಮಾಲಿಕೆ. 'ಫ್ಯಾಂಟೇಸಿಯಾ' 1940ರಲ್ಲಿ ತೆರೆಕಂಡ ಕಾರ್ಟೂನ್ ಚಲನಚಿತ್ರ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೃತಿಗಳಿಗೆ ಹೊಂದಿಸಿದ ಅದರ ದೃಶ್ಯಗಳಲ್ಲಿ ಒಂದು ಹೀಗಿದೆ: ಇಟಲಿಯ ಪೊಂಕಿಯೆಲ್ಲಿ ಎಂಬಾತನ ಸಂಗೀತಕ್ಕೆ ಉಷ್ಟ್ರಪಕ್ಷಿಗಳು, ನೀರಾನೆಗಳು, ಆನೆಗಳು, ಮೊಸಳೆಗಳು ಬ್ಯಾಲೆ ನೃತ್ಯ ಮಾಡುತ್ತವೆ. ದಪ್ಪ ಮೈ ಮತ್ತು ನಾಜೂಕು ಹೆಜ್ಜೆ, ಇವೆರಡರ ನಡುವಿನ ವಿರೋಧವೇ ಅಲ್ಲಿ ನಗೆಯ ಮೂಲ. 1935ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದ ರೇಗೊ ಡಿಸ್ನಿಯ ಚಿತ್ರಗಳನ್ನು ಕಂಡು ಬೆಳೆದವರು. ಬಾಲಕಿಯ ಕಣ್ಣಿಗೆ ಬಿದ್ದ ಆ ಪಕ್ಷಿಗಳು ಚಿತ್ರಪಟಕ್ಕೆ ಬಂದಾಗ ಅವರಿಗೆ ಅರವತ್ತು ತುಂಬಿತ್ತು.

ಬಂದದ್ದಾದರೂ ಹೇಗೆ? ಪಟದಲ್ಲಿ ಒಂದು ಗರಿಯೂ ಇಲ್ಲ, ಕೊಕ್ಕೂ ಇಲ್ಲ. ಕಪ್ಪು ಬ್ಯಾಲೆ ಉಡುಪು ತೊಟ್ಟ ನಡುವಯಸ್ಸಿನ ಹೆಂಗಸರು ಮಾತ್ರ ಇದ್ದಾರೆ. ಗಟ್ಟಿ ಕುತ್ತಿಗೆ, ದುಡಿದ ತೋಳು, ಬಲಿತ ತೊಡೆ. ಕೆಲವರು ಮೈಚಾಚಿ ಒರಗಿದ್ದಾರೆ, ಕೆಲವರು ಕುಕ್ಕರಿಸಿದ್ದಾರೆ, ಕೆಲವರು ಕಾಲು ಸಡಿಲಿಸಿಕೊಳ್ಳುತ್ತಿದ್ದಾರೆ. ಎಲ್ಲರಿಗೂ ರೂಪದರ್ಶಿಯಾದವರು ಒಬ್ಬರೇ ಮಹಿಳೆ. ಕಾಯಿಲೆಯ ಗಂಡನನ್ನು ನೋಡಿಕೊಳ್ಳಲೆಂದು ರೇಗೊ ಅವರ ಮನೆಗೆ ಬಂದು, ಆತ 1988ರಲ್ಲಿ ತೀರಿಕೊಂಡ ಮೇಲೂ ಅವರ ಕಲೆಯ ಸಂಗಾತಿಯಾಗಿ ಉಳಿದವರು. ಚಲನಚಿತ್ರವು ನಗಿಸಲು ಬಳಸಿದ ಭಾರವನ್ನೇ ರೇಗೊ ಎತ್ತಿಕೊಂಡರು, ನಗೆಯನ್ನು ಮಾತ್ರ ಬಿಟ್ಟರು. ಬಯಕೆ ಇನ್ನೂ ಹುಡುಗಿಯದು, ಮೈ ಮಾತ್ರ ಐವತ್ತರದು. ನೋಡುವವನಿಗೆ ಮೊದಲು ಮುಜುಗರವಾಗುತ್ತದೆ. ನನಗಂತೂ ಆಯಿತು, ಪುಟ ಮಗುಚಿ, ಮತ್ತೆ ಹಿಂದಕ್ಕೆ ಬಂದೆ. ಮೂಲಚಿತ್ರದ ಎದುರು ನಾನು ನಿಂತಿಲ್ಲ, ಮುದ್ರಿತ ಪ್ರತಿಯಷ್ಟೇ ನನ್ನ ಅನುಭವ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಪ್ಯಾಸ್ಟೆಲ್ ಎಂಬ ಮಾಧ್ಯಮದ ಬಗ್ಗೆ ಎರಡು ಮಾತು ಇಲ್ಲಿ ಅವಶ್ಯ. ಬಣ್ಣದ ಪುಡಿಗೆ ಸೀಮೆಸುಣ್ಣದಂಥ ಪದಾರ್ಥವನ್ನೂ ಅತ್ಯಲ್ಪ ಅಂಟನ್ನೂ ಬೆರೆಸಿ ಮಾಡಿದ ಕಡ್ಡಿ ಅದು. ಎಣ್ಣೆಬಣ್ಣದಂತೆ ಒಣಗುವವರೆಗೆ ಕಾಯಬೇಕಾಗಿಲ್ಲ, ಕುಂಚದ ಹಂಗೂ ಇಲ್ಲ. ಕಾಗದದ ಒರಟು ಮೈಯೇ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಬೆರಳು ತಾಗಿದರೆ ಅಳಿಸಿಹೋಗುವ ಗುಣವಿರುವುದರಿಂದ ಇದಕ್ಕೆ ಕೋಮಲ ಮಾಧ್ಯಮವೆಂಬ ಹೆಸರು ಬಂತು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಶ್ರೀಮಂತರ ನಯವಾದ ಮುಖಚಿತ್ರಗಳಿಗೆ ಇದು ಬಹಳ ಬಳಕೆಯಾಯಿತು. ಅಲ್ಲಿಯವರೆಗೆ ಅಕ್ರಿಲಿಕ್ ಬಳಸುತ್ತಿದ್ದ ರೇಗೊ 1994ರ ಹೊತ್ತಿಗೆ ಪ್ಯಾಸ್ಟೆಲ್‌ಗೆ ಹೊರಳಿ, ಅದರ ಕೋಮಲತೆಯ ಖ್ಯಾತಿಯನ್ನೇ ತಲೆಕೆಳಗು ಮಾಡಿದರು. ಅಲ್ಯೂಮಿನಿಯಂ ಹಾಳೆಗೆ ಅಂಟಿಸಿದ ದೊಡ್ಡ ಕಾಗದ. ಅದರ ಮೇಲೆ ಕಡ್ಡಿಯನ್ನು ಒತ್ತಿ, ಪದರದ ಮೇಲೆ ಪದರ ಹೇರಿ ಮೂಡಿಸಿದ ಮಾಂಸಖಂಡ. ಬರೆಯುವ ಕೈಗೂ ಬರೆಸಿಕೊಳ್ಳುವ ಮೈಗೂ ನಡುವೆ ಏನೂ ಇಲ್ಲ.

ಈ ಮಾಧ್ಯಮದಲ್ಲಿ ಆಕೆ ಎಷ್ಟು ದೂರ ಹೋಗಬಲ್ಲರೆಂಬುದು ಕೆಲವೇ ವರ್ಷಗಳಲ್ಲಿ ಕಂಡುಬಂತು. ಗರ್ಭಪಾತವನ್ನು ಕಾನೂನುಬದ್ಧಗೊಳಿಸುವ ಪ್ರಶ್ನೆ 1998ರಲ್ಲಿ ಪೋರ್ಚುಗಲ್‌ನಲ್ಲಿ ಜನಮತಕ್ಕೆ ಬಂದು, ಅರ್ಧಕ್ಕಿಂತ ಕಡಿಮೆ ಮತದಾರರು ಮತಗಟ್ಟೆಗೆ ಬಂದ ಆ ದಿನ ಅಲ್ಪ ಅಂತರದಿಂದ ಬಿದ್ದುಹೋಯಿತು. ಸಿಟ್ಟಿಗೆದ್ದ ರೇಗೊ ಕದ್ದುಮುಚ್ಚಿ ನಡೆಯುವ ಗರ್ಭಪಾತಗಳ ಬಗ್ಗೆ ಪ್ಯಾಸ್ಟೆಲ್ ಚಿತ್ರಗಳ ಮಾಲಿಕೆಯನ್ನೇ ರಚಿಸಿದರು. 2007ರ ಎರಡನೆಯ ಜನಮತದಲ್ಲಿ ಬಹುಮತ ಇನ್ನೊಂದು ಕಡೆಗೆ ತಿರುಗಿ ಕಾನೂನು ಬದಲಾಯಿತು. ಅದಕ್ಕೆ ಈ ಚಿತ್ರಗಳೂ ಒಂದು ಕಾರಣ ಎನ್ನುವವರಿದ್ದಾರೆ. ಕಾನೂನು ತಿದ್ದುಪಡಿಗೆ ಟಿಪ್ಪಣಿ ಬರೆದು, ಕಡತ ಎಷ್ಟು ಮೇಜುಗಳ ಮೇಲೆ ಮಲಗುತ್ತದೆಂಬುದನ್ನು ಕಂಡ ನನಗೆ ಈ ಮಾತಿನಲ್ಲಿ ಅತಿಶಯೋಕ್ತಿ ಕಾಣುವುದಿಲ್ಲ.

ಇಷ್ಟೊಂದು ಸಿಟ್ಟು ಹೊತ್ತ ಬಾಲ್ಯ ಎಂಥದ್ದಿರಬೇಕು? ಮೇಲ್ನೋಟಕ್ಕೆ ಅನುಕೂಲಸ್ಥರ ಮನೆಯದೇ. ಎಂಜಿನಿಯರ್ ಆಗಿದ್ದ ತಂದೆ ಉದ್ಯೋಗನಿಮಿತ್ತ ಪತ್ನಿಯೊಡನೆ ಇಂಗ್ಲೆಂಡಿಗೆ ಹೋದಾಗ ಕೂಸನ್ನು ಅಜ್ಜಿಯ ಬಳಿ ಬಿಟ್ಟಿದ್ದರು. ಅಜ್ಜಿ ಹೇಳಿದ ಕಥೆಗಳು ಕಲಾವಿದೆಯ ಕೈಬಿಡಲಿಲ್ಲ. ಆದರೆ ಮನೆಯ ಹೊರಗಿದ್ದದ್ದು ಸಲಜಾರ್‌ನ ಪೋರ್ಚುಗಲ್. ಆತ ಅರ್ಥಶಾಸ್ತ್ರದ ಪ್ರಾಧ್ಯಾಪಕ ಎಂಬುದು ನಮ್ಮ ವಿಷಯಕ್ಕೆ ಅಂಥ ಹೆಮ್ಮೆಯ ಸಂಗತಿಯಲ್ಲ. 1928ರಲ್ಲಿ ಹಣಕಾಸು ಸಚಿವನಾಗಿ ಬಂದು ಮುಂಗಡಪತ್ರವನ್ನು ಸರಿದೂಗಿಸಿದ, 1932ರಿಂದ 1968ರವರೆಗೆ ಪ್ರಧಾನಿಯಾಗಿ ದೇಶವನ್ನೇ ಅದುಮಿ ಹಿಡಿದ. 1931ರಲ್ಲಿ ಅಲ್ಲಿ ಹೆಂಗಸರಿಗೆ ಮೊದಲ ಬಾರಿ ಮತದಾನದ ಹಕ್ಕು ಸಿಕ್ಕಿದಾಗ ಪ್ರೌಢಶಿಕ್ಷಣವನ್ನೋ ಉನ್ನತ ಶಿಕ್ಷಣವನ್ನೋ ಪಡೆದವರಿಗಷ್ಟೇ ಸಿಕ್ಕಿತು. ಗಂಡಸರಿಗೆ ಓದು ಬರಹ ಬಂದರೆ ಸಾಕಿತ್ತು. ವಿವಾಹಿತೆ ಗಂಡನ ಒಪ್ಪಿಗೆಯಿಲ್ಲದೆ ದೇಶದ ಗಡಿ ದಾಟಲಾಗದೆಂಬ ನಿಯಮ 1969ರವರೆಗೂ ಉಳಿದಿತ್ತು. ಆ ಆಡಳಿತದ ವಿರೋಧಿಯಾಗಿದ್ದ ತಂದೆ, ಹೆಣ್ಣುಮಕ್ಕಳಿಗೆ ಇದು ತಕ್ಕ ನಾಡಲ್ಲವೆಂದು ಮಗಳನ್ನು ಹದಿನಾರರ ಹರೆಯದಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಆಕೆ ಲಂಡನ್ನಿನ ಸ್ಲೇಡ್ ಕಲಾಶಾಲೆ ಸೇರಿದ್ದು 1952ರಲ್ಲಿ.

ಕಾರವಾರದವನಾದ ನನಗೆ ಸಲಜಾರ್ ಎಂಬ ಹೆಸರು ಲಿಸ್ಬನ್ನಿನಷ್ಟು ದೂರದ್ದಲ್ಲ. ನಾನು ಹುಟ್ಟಿದಾಗ ಕಾಳಿ ನದಿ ದಾಟಿ ಮಾಜಾಳಿಯ ಆಚೆ ಕಾಲಿಟ್ಟರೆ ಅವನದೇ ಆಳ್ವಿಕೆ. 1961ರ ನವೆಂಬರಿನಲ್ಲಿ ಅಂಜದೀವ ದ್ವೀಪದಿಂದ ಪೋರ್ಚುಗೀಜರು ನಮ್ಮ ಹಡಗಿನ ಮೇಲೆ ಗುಂಡು ಹಾರಿಸಿದ ಸಂಗತಿಯನ್ನು ಅಪ್ಪ ಊಟದ ಹೊತ್ತಿಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಗೋವೆಯನ್ನು ಬಿಡದ ಹಟಮಾರಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು ಬೈದವರೇ. ಅವನ ನಾಡಿನ ಹೆಣ್ಣುಮಕ್ಕಳ ಗತಿಯೇನು ಎಂಬ ಪ್ರಶ್ನೆ ಮಾತ್ರ ಬಂದದ್ದಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ಪ್ರಶ್ನೆಯೂ ಬಂದದ್ದಿಲ್ಲವೆನ್ನಿ.

ನನಗಿಂತ ಆರು ವರ್ಷ ಹಿರಿಯಳಾದ ಅಕ್ಕ 'ಅಮರಶಿಲ್ಪಿ ಜಕಣಾಚಾರಿ'ಯನ್ನು ನೋಡಿದಾಗ ಅವಳಿಗೆ ಹತ್ತೋ ಹನ್ನೊಂದೋ. 1964ರಲ್ಲಿ ಬಂದ ಆ ಚಿತ್ರ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅದರಲ್ಲಿ ಬಿ. ಸರೋಜಾದೇವಿ ಕುಣಿದದ್ದನ್ನು ಅಕ್ಕ ಹಿತ್ತಿಲಲ್ಲಿ, ಜಗುಲಿಯಲ್ಲಿ, ಒಲೆಯ ಮೇಲೆ ಹಾಲಿಟ್ಟು ಕಾಯುವಾಗ, ಮತ್ತೆ ಮತ್ತೆ ಕುಣಿದಳು. ಹಟ ಮಾಡಿ ಗೆಜ್ಜೆ ತರಿಸಿಕೊಂಡಳು, ಶಾಲೆಯ ಗ್ಯಾದರಿಂಗ್‌ನಲ್ಲಿ ಎರಡು ವರ್ಷ ಬಹುಮಾನ ತಂದಳು. ಹದಿಮೂರು ತುಂಬಿದಾಗ ಅಪ್ಪ "ಇನ್ನು ಸಾಕು" ಎಂದರು. ಬೈಗುಳಿಲ್ಲ, ಹೊಡೆತವಿಲ್ಲ. ಆ ಎರಡು ಪದಗಳಿಗೆ ಮೇಲ್ಮನವಿ ಸಲ್ಲಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಗೆಜ್ಜೆ ಬಟ್ಟೆಯ ಗಂಟಾಗಿ ಅಟ್ಟ ಸೇರಿತು. ಮುಂದೊಂದು ದಿನ ಅದರಿಂದ ಹತ್ತೆಂಟು ಗೆಜ್ಜೆಗಳನ್ನು ಬಿಡಿಸಿ ಕರುವಿನ ಕೊರಳಿಗೆ ಕಟ್ಟಿದರು.

ಹಿತ್ತಿಲಲ್ಲಿ ಆ ಕರು ಓಡುವಾಗ ಕೇಳುತ್ತಿದ್ದ ದನಿ ಎಷ್ಟು ಇಂಪಾಗಿತ್ತೆಂದು ನಾನು ನನ್ನದೊಂದು ಬಾಲ್ಯಸ್ಮೃತಿಯಲ್ಲಿ ಬರೆದು ಪ್ರಕಟಿಸಿದ್ದೇನೆ. ಗೆಜ್ಜೆ ಯಾರದೆಂದು ಬರೆದಿರಲಿಲ್ಲ. ಮುಚ್ಚಿಟ್ಟೆನೆಂದಲ್ಲ, ನೆನಪಾಗಲಿಲ್ಲ. ರೇಗೊ ಅವರ ಚಿತ್ರದ ಮುಂದೆ ಕೂತಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಕ್ಕ ಆ ಲೇಖನ ಓದಿ, ಚೆನ್ನಾಗಿದೆ ಎಂದಿದ್ದಳು. ಕರು ಬಿಳಿಯದಲ್ಲ, ಕಂದು ಬಣ್ಣದ್ದು ಎಂದಷ್ಟೇ ತಿದ್ದಿದ್ದಳು.

1991ರ ಜನಗಣತಿಯಲ್ಲಿ ನಾನು ಒಂದು ತಾಲ್ಲೂಕಿನ ಉಸ್ತುವಾರಿ ಹೊತ್ತಿದ್ದೆ. ಮನೆಗೆಲಸದಲ್ಲಿ ಮಾತ್ರ ತೊಡಗಿದವರನ್ನು ಕೆಲಸ ಮಾಡದವರ ವರ್ಗಕ್ಕೆ ಸೇರಿಸಬೇಕೆಂಬ ಸೂಚನೆಯನ್ನು ಗಣತಿದಾರರಿಗೆ ನಾನೇ ವಿವರಿಸಿದ್ದೆ. ಯಾರಿಗೂ ಗೊಂದಲವಾಗದಂತೆ ವಿವರಿಸಿದೆನೆಂಬ ಸಮಾಧಾನವೂ ಇತ್ತು. ಅದೇ ಫೆಬ್ರವರಿಯಲ್ಲಿ ಬೇರೆ ಊರಿನಲ್ಲಿದ್ದ ಅಕ್ಕನ ಮನೆಗೂ ಯಾರೋ ಶಿಕ್ಷಕರು ಹೋಗಿ ಅವಳನ್ನು ಅದೇ ವರ್ಗಕ್ಕೆ ಸೇರಿಸಿರಬೇಕು. ಆಗ ಅವಳಿಗೆ ಮೂವತ್ತೇಳು.

ರೇಗೊ 2022ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕೃತಿಗಳಿಗೆಂದೇ ಲಿಸ್ಬನ್ ಬಳಿಯ ಕಶ್ಕಾಯಿಸ್ ಪಟ್ಟಣದಲ್ಲಿ 2009ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ 'ಕಥೆಗಳ ಮನೆ' ಎಂಬ ಅರ್ಥದ ಹೆಸರಿದೆ.

ಈ ಸಲ ಊರಿಗೆ ಹೋದಾಗ ಸಂಪುಟವನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ತೋರಿಸುವ ಧೈರ್ಯ ಎರಡು ದಿನ ಬರಲಿಲ್ಲ. ಎಪ್ಪತ್ತು ದಾಟಿದ ಅಕ್ಕನ ಮುಂದೆ ತೊಡೆ ಕಾಣುವ ಉಡುಪಿನ ಪರದೇಶದ ಹೆಂಗಸರ ಚಿತ್ರ ತೆರೆದರೆ ಏನೆಂದಾಳೋ ಎಂಬ ಅಳುಕು. ಮೂರನೆಯ ಸಂಜೆ ಅವಳು ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಫಲಕವನ್ನೂ ನಿಧಾನವಾಗಿ ನೋಡಿದಳು. ಸಲಜಾರ್, ಡಿಸ್ನಿ, ಪ್ಯಾಸ್ಟೆಲ್ ಎಂದು ನಾನು ಶುರುಮಾಡಿದ ವಿವರಣೆಗೆ ಕೈಸನ್ನೆಯಿಂದಲೇ ತಡೆ ಹಾಕಿದಳು.

"ಇವರು ಕುಣಿತಾ ಇಲ್ಲವಲ್ಲೋ ತಮ್ಮಾ," ಎಂದಳು ಕೊನೆಗೆ. "ಕಾಯ್ತಾ ಇದ್ದಾರೆ."

ಮತ್ತೆ ಹಿಂದಿನ ಪುಟಕ್ಕೆ ಹೋಗಿ, ಒಬ್ಬಾಕೆಯ ಪಾದದ ಮೇಲೆ ಬೆರಳಿಟ್ಟು, ಕಾಲು ಇಟ್ಟ ರೀತಿ ಸರಿಯಾಗಿದೆ, ಬರೆದವಳಿಗೆ ಗೊತ್ತಿದೆ ಎಂದಳು. ಆಮೇಲೆ, ಪುಸ್ತಕ ನಾಲ್ಕು ದಿನ ಇಲ್ಲೇ ಇರಲಿ ಎಂದು ಎತ್ತಿಟ್ಟಳು. ಮೂರು ತಿಂಗಳಾಯಿತು, ನಾನು ಕೇಳಿಲ್ಲ.