ನಾರಾಯಣಗೂಡದ ಗಲ್ಲಿಯಲ್ಲೊಂದು ಹಿಮದ ಡೇರೆ

ಧನುರ್ಮಾಸದಲ್ಲಿ ಹೈದರಾಬಾದಿನ ನಾರಾಯಣಗೂಡದ ಟೆಂಟ್ ಹೌಸ್‌ಗಳಿಗೆ ಪುರಸೊತ್ತು. ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ. ವರ್ಷವಿಡೀ ಲಾರಿ ಹತ್ತಿ ಇಳಿದು ಬಳಲಿದ ಶಾಮಿಯಾನಗಳನ್ನು ಗಲ್ಲಿಯುದ್ದಕ್ಕೂ ಹರಡಿ, ಹರಿದ ಕಡೆ ತೇಪೆ ಹಾಕಿ, ಬಿಸಿಲಿಗೆ ಒಣಗಿಸುವುದು ಈ ದಿನಗಳಲ್ಲೇ. ಡೇರೆ ಕೊಳ್ಳಬೇಕೆಂದವರು ಇಲ್ಲಿಗೆ ಬರಬೇಕಾದ ಕಾಲವೂ ಇದೇ. ಕೆಲಸಗಾರರಿಗೆ ಮಾತಾಡಲು ಸಮಯವಿರುತ್ತದೆ, ಬಟ್ಟೆ ಕಣ್ಣೆದುರು ಬಿಚ್ಚಿಕೊಂಡಿರುತ್ತದೆ.

ಮೆಟ್ರೋ ಹಸಿರು ಮಾರ್ಗದ ನಿಲ್ದಾಣದಿಂದ ಕೆಳಗಿಳಿದರೆ ಮೊದಲು ಎದುರಾಗುವುದು ವಿದ್ಯಾರ್ಥಿಗಳ ಹಿಂಡು. ಮಾಡಪಾಟಿ ಹನುಮಂತರಾಯರು 1928ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರು ಮಾಡಿದ ತೆಲುಗು ಮಾಧ್ಯಮದ ಶಾಲೆ, ಕೇಶವ ಮೆಮೋರಿಯಲ್, ರೆಡ್ಡಿ ಮಹಿಳಾ ಕಾಲೇಜು ಎಲ್ಲವೂ ಈ ಸುತ್ತಿನಲ್ಲೇ ಇವೆ. ವೈ.ಎಂ.ಸಿ.ಎ. ದಾಟಿ ಒಳಗೆ ಹೋದರೆ ಮೇಲ್ಕೋಟೆ ಪಾರ್ಕ್. ಕನ್ನಡದವರಿಗೆ ಆ ಹೆಸರು ಕಂಡರೆ ಡಾ. ಜಿ.ಎಸ್. ಮೇಲ್ಕೋಟೆ ನೆನಪಾಗುತ್ತಾರೆ: 1957ರಲ್ಲಿ ರಾಯಚೂರಿನಿಂದ ಲೋಕಸಭೆಗೆ ಹೋಗಿ, ಮುಂದಿನ ಚುನಾವಣೆಯಿಂದ ಹೈದರಾಬಾದನ್ನೇ ಪ್ರತಿನಿಧಿಸಿದ ಸ್ವಾತಂತ್ರ್ಯ ಹೋರಾಟಗಾರ. ಪಕ್ಕದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆ ನಿಂತ ಮನೆಗಳು ಈ ಭಾಗಕ್ಕೆ ಹೊಸತಲ್ಲ.

ಅಂಥ ಕೆಲವು ಮನೆಗಳ ಗುಂಪೊಂದು ಈ ಚಳಿಗಾಲದಲ್ಲಿ ಉತ್ತರಾಖಂಡದ ಸಾಂಕ್ರಿಗೆ ಹೊರಟಿದೆ. ಕೇದಾರಕಂಠ ಶಿಖರದ ದಾರಿ ಶುರುವಾಗುವ ಊರದು. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಗುಂಪಿನಲ್ಲಿ ಮಕ್ಕಳಿದ್ದಾರೆ, ಅರವತ್ತು ದಾಟಿದವರೂ ಇದ್ದಾರೆ. ಶಿಖರ ಮುಟ್ಟುವ ಹಟ ಇವರದಲ್ಲ. ಊರಂಚಿನಲ್ಲಿ ನೆಲೆ ಹೂಡಿ, ಹಗಲು ಕಾಡು ಸುತ್ತಿ, ಸಂಜೆ ಡೇರೆಗೆ ಮರಳುವ ಯೋಜನೆ. ಬೆನ್ನು ಬಗ್ಗಿಸಿ ತೂರಿಕೊಳ್ಳುವ ಗುಮ್ಮಟದ ಟೆಂಟ್ ಇವರಿಗೆ ಸಾಲದು. ನೆಟ್ಟಗೆ ನಿಲ್ಲಬಹುದಾದ, ನಾಲ್ಕೂ ಕಡೆ ಗೋಡೆಯಿರುವ, ಒಳಗೆ ಒಲೆ ಉರಿಸಬಹುದಾದ ಡೇರೆ ಬೇಕು. ಮೇಲಿನ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಆ ಹುಲ್ಲಿನ ಮೇಲೆ ಎಷ್ಟು ಗೂಟ ಬಿದ್ದಿವೆ ಎಂಬುದನ್ನು ಕಂಡವರು ಆ ಆದೇಶಕ್ಕೆ ಬೇಸರಿಸಲಾರರು. ಭಾರದ ಗೋಡೆ ಡೇರೆಗೆ ಊರ ಮಗ್ಗುಲೇ ಸರಿಯಾದ ಜಾಗ.

ಗಲ್ಲಿಯ ತಿರುವಿನಲ್ಲಿರುವ ಟೆಂಟ್ ಹೌಸಿನ ಹಿರಿಯ ಮೇಸ್ತ್ರಿ ಬೀದರ್ ಕಡೆಯವರು. ಬಟ್ಟೆಯ ರಾಶಿಯ ಮೇಲೆ ಕುಳಿತು ದಬ್ಬಣದಿಂದ ಕನಾತಿನ ಅಂಚು ಹೊಲಿಯುತ್ತಿದ್ದರು. ಈ ಗುಂಪಿನ ಡೇರೆಗೆ ಯಾವ ಬಟ್ಟೆ ಒಳ್ಳೆಯದು ಕಾಕಾ ಎಂದು ಕೇಳಿದೆ. ತಲೆ ಎತ್ತದೆಯೇ ಹೇಳಿದರು: "ಬಟ್ಟಿ ಆಮ್ಯಾಲ ನೋಡೋಣ್ರಿ ಸರ. ಎಲ್ಲಿ ಹಾಕೋರದೀರಿ, ಒಳಗ ಎಷ್ಟ ಮಂದಿ ಮಲಗ್ತಾರ, ಏನ್ ಉರಸ್ತೀರಿ, ಮೊದಲ ಅದು ಹೇಳ್ರಿ."

ಹಿಮಾಲಯಕ್ಕೆಂದು ಅವರು ಎಂದೂ ಡೇರೆ ಹೊಲಿದವರಲ್ಲ. ಆದರೂ ಅವರ ಮೂರು ಪ್ರಶ್ನೆಗಳಲ್ಲಿ ವಿಷಯವೆಲ್ಲ ಬಂದಿತ್ತು. ಬೆಚ್ಚಗಿನ ಡೇರೆ ಆರಿಸುವವರು ಸಾಮಾನ್ಯವಾಗಿ ಒಲೆಯಿಂದ ಆರಂಭಿಸುತ್ತಾರೆ. ಎಷ್ಟು ಬಿಸಿ ಕೊಡುತ್ತದೆ, ಎಷ್ಟು ಹೊತ್ತು ಉರಿಯುತ್ತದೆ ಎಂದು ನೋಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಚಳಿಯೂರಿನಲ್ಲಿ ಡೇರೆಯ ಒಲೆ ಇರುವುದು ಒದ್ದೆ ಕಾಲುಚೀಲ ಒಣಗಿಸಲು, ಬಿಸಿನೀರಿಗೆ, ಸಂಜೆ ಎಲ್ಲರೂ ಕೈಗವಸು ಕಳಚಿ ಕೂತು ಉಣ್ಣಲು. ರಾತ್ರಿಯ ನಿದ್ದೆಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಬೇಕು, ಒಲೆ ಆರಿರಬೇಕು. ಇದನ್ನು ಒಪ್ಪಿಕೊಂಡರೆ ಡೇರೆಯ ಆಯ್ಕೆ ಬಹಳ ಸುಲಭವಾಗುತ್ತದೆ.

ಕಾಕಾ ಎದ್ದು ಎರಡು ತುಂಡು ಬಟ್ಟೆ ತಂದರು. ಒಂದು ಈಗ ಎಲ್ಲ ಮದುವೆಮನೆಗಳಲ್ಲೂ ಕಾಣುವ ಪ್ಲಾಸ್ಟಿಕ್ ಲೇಪದ ನುಣುಪು ಬಟ್ಟೆ. ಇನ್ನೊಂದು ಹತ್ತಿಯ ದಪ್ಪ ಕ್ಯಾನ್ವಾಸ್. ಹೊಸ ಕ್ಯಾನ್ವಾಸಿನ ನಾಲ್ಕು ಮೂಲೆಗಳನ್ನು ಹುಡುಗರ ಕೈಗೆ ಕೊಟ್ಟು ಜೋಳಿಗೆಯಂತೆ ಹಿಡಿಸಿ, ಒಂದು ಚೊಂಬು ನೀರು ಸುರಿದರು. ಮೊದಲು ತಳದಲ್ಲಿ ಬೆವರಿನಂತೆ ಹನಿ ಮೂಡಿತು, ಆಮೇಲೆ ಒಂದೆರಡು ಹನಿ ತೊಟ್ಟಿಕ್ಕಿತು. ತುಸು ಹೊತ್ತಿಗೆ ತೊಟ್ಟಿಕ್ಕುವುದು ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ನೀರು ಕುಡಿದ ಹತ್ತಿಯ ನೂಲು ಉಬ್ಬಿ ಎಳೆಗಳ ನಡುವಿನ ಸಂದು ಮುಚ್ಚಿಕೊಂಡಿತ್ತು. ಕಾಕಾ ಕೆಳಗಿನಿಂದ ಬೆರಳು ತಾಗಿಸಿ ಗೆರೆ ಎಳೆದರು. ಆ ಗೆರೆಯಲ್ಲಿ ಮತ್ತೆ ನೀರು ಜಿನುಗಿತು. ಹೊಸ ಕ್ಯಾನ್ವಾಸ್ ಡೇರೆಯನ್ನು ಊರಲ್ಲೇ ಒಮ್ಮೆ ಪೂರ್ತಿ ನೆನೆಸಿ ಒಣಗಿಸಬೇಕು ಎನ್ನುವುದೂ, ಮಳೆಯಲ್ಲಿ ಒಳಗಿನಿಂದ ಬಟ್ಟೆ ಮುಟ್ಟಬಾರದು ಎನ್ನುವುದೂ ಇದಕ್ಕೇ.

ಪ್ಲಾಸ್ಟಿಕ್ ಲೇಪದ ಬಟ್ಟೆ ಒಂದು ಹನಿಯನ್ನೂ ಬಿಡುವುದಿಲ್ಲ. ತೊಂದರೆಯೇ ಅದು. ಒಳಗಿನ ಹನಿಯನ್ನೂ ಹೊರಗೆ ಬಿಡುವುದಿಲ್ಲ. ಆರು ಜನ ಮಲಗಿದರೆ ಉಸಿರಿನ ತೇವವೇ ಬೆಳಗಾಗುವುದರೊಳಗೆ ಒಂದೆರಡು ಲೀಟರ್ ಆಗುತ್ತದೆ. ಅದು ತಣ್ಣಗಿನ ಗೋಡೆಗೆ ತಗುಲಿ ಹೆಪ್ಪುಗಟ್ಟಿ, ಬೆಳಗ್ಗೆ ಒಲೆ ಹಚ್ಚಿದೊಡನೆ ಕರಗಿ ಹಾಸಿಗೆಯ ಮೇಲೆ ಸುರಿಯುತ್ತದೆ. ಹತ್ತಿ ಉಸಿರಾಡುತ್ತದೆ, ತೇವವನ್ನು ಹೊರಕ್ಕೆ ದಾಟಿಸುತ್ತದೆ. ಚದರ ಮೀಟರಿಗೆ 340ರಿಂದ 400 ಗ್ರಾಂ ತೂಗುವ, ಬೂಷ್ಟು ಹಿಡಿಯದಂತೆ ಸಂಸ್ಕರಿಸಿದ ಕ್ಯಾನ್ವಾಸ್ ಈ ಕೆಲಸಕ್ಕೆ ತಕ್ಕದ್ದು. ಮೇಲೆ ಗೇಣುದ್ದ ಸಂದು ಬಿಟ್ಟು ಎರಡನೇ ಹೊದಿಕೆ ಇದ್ದರೆ ಇನ್ನೂ ಮೇಲು. ನಮ್ಮ ಸೇನೆಯಲ್ಲೂ ಪೊಲೀಸ್ ಬಂದೋಬಸ್ತಿನಲ್ಲೂ ತಲೆಮಾರುಗಳಿಂದ ಬಳಕೆಯಲ್ಲಿರುವ ಇ.ಪಿ.ಐ.ಪಿ. ಟೆಂಟುಗಳದ್ದು ಈ ಎರಡು ಪದರದ ವಿನ್ಯಾಸವೇ. ಹೊರಪದರ ಹಿಮವನ್ನೂ ಬಿಸಿಲನ್ನೂ ತಾಳಿಕೊಳ್ಳುತ್ತದೆ, ಒಳಪದರ ಒಣಗಿರುತ್ತದೆ.

ಇನ್ನು ಉರಿಸುವುದೇನು? ಅಡುಗೆ ಅನಿಲದ ಹೀಟರ್ ಸುಲಭ ಎಂದು ಗುಂಪಿನಲ್ಲಿ ಒಬ್ಬರ ವಾದ. ಅದು ಬೇಡವೇ ಬೇಡ. ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹುಟ್ಟುತ್ತದೆ. ಹೊಗೆಕೊಳವೆಯಿಲ್ಲದ ಹೀಟರಿನಲ್ಲಿ ಆ ನೀರೆಲ್ಲ ಡೇರೆಯೊಳಗೇ ಉಳಿಯುತ್ತದೆ. ನಮ್ಮ ಸಿಲಿಂಡರಿನಲ್ಲಿರುವ ಬ್ಯುಟೇನ್ ಶೂನ್ಯದ ಆಸುಪಾಸಿನಲ್ಲಿ ಅನಿಲವಾಗಲು ಒಲ್ಲೆನ್ನುತ್ತದೆ. ಬೇಕಾದ ಹೊತ್ತಿಗೇ ಜ್ವಾಲೆ ಸೊರಗುತ್ತದೆ. ಇವೆರಡಕ್ಕಿಂತ ದೊಡ್ಡ ಕಾರಣ ಕಾರ್ಬನ್ ಮೊನಾಕ್ಸೈಡ್. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಪ್ರವಾಸಿಗರು ಕಿಟಕಿ ಬಾಗಿಲು ಭದ್ರಪಡಿಸಿ, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದವರು ಏಳಲೇ ಇಲ್ಲ. ಅವರಲ್ಲಿ ನಾಲ್ವರು ಮಕ್ಕಳು. ದಕ್ಷಿಣದ ನಮಗೆ ಮುಚ್ಚಿದ ಕೋಣೆಯ ಬೆಂಕಿಯ ರೂಢಿಯಿಲ್ಲ, ಆದ್ದರಿಂದ ಭಯವೂ ಇಲ್ಲ. ಉತ್ತರದ ಊರುಗಳಲ್ಲಿ ರೂಢಿಯಿದ್ದೂ ಪ್ರತಿ ಚಳಿಗಾಲ ಅಂಗೀಠಿಯ (ಇದ್ದಿಲ ಒಲೆಯ) ಸಾವುಗಳು ಸುದ್ದಿಯಾಗುತ್ತವೆ. ಡೇರೆ ಕೊಳ್ಳುವ ಹಣದಲ್ಲಿ ಮೊದಲು ಎತ್ತಿಡಬೇಕಾದದ್ದು ಬ್ಯಾಟರಿಯ ಮೇಲೆ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಮಿಗೆ. ಅದನ್ನು ಮಲಗಿದವರ ತಲೆಯ ಮಟ್ಟದಲ್ಲಿ ತೂಗುಹಾಕಬೇಕು.

ಎತ್ತರ ಏರಿದಂತೆ ಈ ಅಪಾಯವೂ ಏರುತ್ತದೆ. ಸಾಂಕ್ರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು. 3,500 ಮೀಟರಿನ ಲೇಹ್‌ನಲ್ಲಿ ಮೂರರಲ್ಲಿ ಎರಡು ಪಾಲಷ್ಟೇ. ಗಾಳಿ ತೆಳುವಾದಷ್ಟೂ ಬೆಂಕಿ ಅರೆಬರೆ ಉರಿಯುತ್ತದೆ. ಆದ್ದರಿಂದ ಡೇರೆಯ ತುದಿಯಲ್ಲಿ ಒಂದು, ನೆಲದ ಬಳಿ ಒಂದು ಗಾಳಿಕಂಡಿ ಇರಲೇಬೇಕು. ಚಳಿ ನುಗ್ಗುತ್ತದೆಂದು ಅವನ್ನು ಮುಚ್ಚುವವರನ್ನು ತಡೆಯಲು ಗುಂಪಿನಲ್ಲಿ ಒಬ್ಬರಿಗೆ ಅಧಿಕಾರ ಕೊಟ್ಟಿರಬೇಕು.

ಟೆಂಟ್ ಹೌಸಿನಿಂದ ನಾಲ್ಕು ಹೆಜ್ಜೆಗೆ ಒಂದು ವೆಲ್ಡಿಂಗ್ ಅಂಗಡಿ. ಬುಖಾರಿಯ, ಅಂದರೆ ಹೊಗೆಕೊಳವೆಯಿರುವ ಲೋಹದ ಒಲೆಯ, ಚಿತ್ರ ತೋರಿಸಿದಾಗ ಅಲ್ಲಿಯ ಹುಡುಗ ಹೊಳೆಯುವ ಜಿ.ಐ. ಶೀಟ್ ಎತ್ತಿ ತೋರಿಸಿದ. ಒಲೆಗೆ ಅದು ಸಲ್ಲದು. ಅದರ ಮೇಲಿನ ಸತುವಿನ ಲೇಪ ಕಾದಾಗ ವಿಷದ ಹೊಗೆ ಬಿಡುತ್ತದೆ. ಮಾಮೂಲಿ ಕಬ್ಬಿಣದ ಹಾಳೆ ಸಾಕು. ಕೊಳವೆಗೆ ಸ್ಟೇನ್‌ಲೆಸ್ ಸ್ಟೀಲ್. ಕೊಳವೆ ಡೇರೆಯ ತುದಿಗಿಂತ ಮೊಳದಷ್ಟಾದರೂ ಮೇಲೇರಬೇಕು, ಬಾಯಿಗೆ ಕಿಡಿ ತಡೆಯುವ ಜಾಲರಿ ಬೇಕು. ಕೊಳವೆ ಬಟ್ಟೆಯನ್ನು ದಾಟುವ ಜಾಗದಲ್ಲಿ ಸಿಲಿಕೋನ್ ಲೇಪದ ಗಾಜುನಾರಿನ ತುಂಡು ಹೊಲಿಯಬೇಕು. ಕಾಕಾ ಇದೊಂದನ್ನು ಎಂದೂ ಹೊಲಿದಿರಲಿಲ್ಲ. ಮಾದರಿಯ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಸೂಜಿ ದಪ್ಪದ್ದ ಬೇಕಾಗ್ತದ್ರಿ, ದಾರಾ ಸುಡಬಾರದು" ಎಂದರು. ಹತ್ತಿದಾರ, ನೈಲಾನ್ ಎರಡೂ ಅಲ್ಲಿ ಉಳಿಯವು. ಬೆಂಕಿ ತಾಳುವ ದಾರವನ್ನೇ ತರಿಸಬೇಕು.

ಸೌದೆಯ ಮಾತು ಬೇರೆ. ಸಾಂಕ್ರಿ ಇರುವುದು ಗೋವಿಂದ ಪಶು ವಿಹಾರದ ಹೊಸ್ತಿಲಲ್ಲಿ. ಆ ಅಭಯಾರಣ್ಯದಿಂದ ಒಣ ಕಡ್ಡಿಯನ್ನೂ ಎತ್ತುವಂತಿಲ್ಲ, ಎತ್ತಲೂಬಾರದು. ಕೊಂಡು ಒಯ್ದ, ಒತ್ತಿದ ಉರುವಲಿನ ಬ್ರಿಕೆಟ್‌ಗಳನ್ನೇ ಉರಿಸಬೇಕು. ಡೇರೆಯ ಹೊರಗೆ ಪೆಟ್ಟಿಗೆಯಿಟ್ಟು ಬಿಸಿಗಾಳಿಯನ್ನಷ್ಟೇ ಒಳಗೆ ಊದುವ ಡೀಸೆಲ್ ಹೀಟರ್ ಇನ್ನೊಂದು ದಾರಿ. ಹೊಗೆ ಹೊರಗೇ ಉಳಿಯುವುದು ಅದರ ದೊಡ್ಡ ಗುಣ. ಆದರೆ ಅದಕ್ಕೆ 12 ವೋಲ್ಟಿನ ಬ್ಯಾಟರಿ ಬೇಕು, ಬ್ಯಾಟರಿ ಚಳಿಗೆ ಸೋಲುತ್ತದೆ. ಸಾಮಾನ್ಯ ಡೀಸೆಲ್ ಕೂಡ ಕಡು ಚಳಿಯಲ್ಲಿ ಮಂದವಾಗುತ್ತದೆ. ಲಡಾಖ್‌ಗೆಂದೇ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ತರಬೇಕಾಯಿತು. ಸಂಜೆ ಎರಡು ತಾಸು, ಬೆಳಗ್ಗೆ ಒಂದು ತಾಸು ಉರಿಸುವವರಿಗೆ ಕೊಳವೆಯ ಸಣ್ಣ ಬುಖಾರಿಯೇ ನನ್ನ ಆಯ್ಕೆ.

ಏನನ್ನೂ ಉರಿಸದ ದಾರಿಯೂ ಇದೆ. 2021ರ ಫೆಬ್ರುವರಿಯಲ್ಲಿ ಲಡಾಖ್‌ನ ಸೋನಂ ವಾಂಗ್ಚುಕ್ ಸೈನಿಕರಿಗಾಗಿ ಬಿಸಿಲಿನಿಂದಲೇ ಬೆಚ್ಚಗಾಗುವ ಡೇರೆಯೊಂದನ್ನು ತೋರಿಸಿದರು. 10 ಜನ ಮಲಗಬಹುದು, ಬಿಚ್ಚಿದರೆ ಯಾವ ಭಾಗವೂ 30 ಕಿಲೋ ಮೀರದು. ಹೊರಗೆ ಮೈನಸ್ 14 ಡಿಗ್ರಿ ಕಂಡ ಜಾಗದಲ್ಲಿ, ರಾತ್ರಿ ಹತ್ತಕ್ಕೆ ಒಳಗೆ 15 ಡಿಗ್ರಿ ಇತ್ತೆಂದು ಅವರು ಹೇಳಿದರು. ಸೀಮೆಎಣ್ಣೆಯ ಹೊಗೆಯಲ್ಲಿ ಚಳಿಗಾಲ ಕಳೆಯುವ ಯೋಧರಲ್ಲಿ ಧಾರವಾಡದವರು, ಕೊಡಗಿನವರು, ಬೆಳಗಾವಿಯವರು ಎಷ್ಟೋ ಮಂದಿ. ಅವರಿಗೆ ಇಂಥದ್ದು ಬೇಗ ತಲುಪಲಿ ಎಂಬುದು ನನ್ನ ಮನದಾಳದ ಆಸೆ. ನಾಲ್ಕು ದಿನದ ನೆಲೆಗೆ ಅದು ಒಗ್ಗದು. ಅದರ ತತ್ತ್ವದಲ್ಲಿ ಒಂದು ಪಾಲನ್ನಾದರೂ ನಾವು ತೆಗೆದುಕೊಳ್ಳಬಹುದು: ಡೇರೆಯ ಬಾಗಿಲನ್ನು ಬೆಳಗಿನ ಬಿಸಿಲಿಗೆ ಮುಖ ಮಾಡಿ ನಿಲ್ಲಿಸುವುದು.

ಅಳತೆಗೆ ಕುಳಿತಾಗ ಸಂಜೆಯಾಗಿತ್ತು. ಆರು ಜನ ಮತ್ತು ಒಲೆಗೆ 12 ಅಡಿ ಅಗಲ, 14 ಅಡಿ ಉದ್ದ. ದೊಡ್ಡದಾದಷ್ಟೂ ಬಿಸಿಯಾಗಲು ಹೊತ್ತು ಬೇಕು, ಆದ್ದರಿಂದ ಇಡೀ ಗುಂಪಿಗೆ ಒಂದೇ ದೊಡ್ಡ ಡೇರೆಗಿಂತ ಇಂಥವು ಎರಡು ಲೇಸು. ಪಕ್ಕದ ಗೋಡೆ ಐದಡಿ. ಅದಕ್ಕಿಂತ ಕಡಿಮೆಯಾದರೆ ಅಂಚಿನ ಜಾಗ ವ್ಯರ್ಥ, ಹೆಚ್ಚಾದರೆ ಗಾಳಿಗೆ ಎದೆಯೊಡ್ಡಿದಂತೆ. ಗೋಡೆಯ ಕೆಳಗೆ ಒಂದಡಿಯ ಪಟ್ಟಿ ಒಳಕ್ಕೆ ಮಡಿಚಿಕೊಳ್ಳುವಂತಿರಲಿ, ಅದರ ಮೇಲೆ ಸಾಮಾನಿಟ್ಟರೆ ನೆಲದ ಗಾಳಿ ನುಸುಳದು. ತಳಕ್ಕೆ ಹೊಲಿದ ನೆಲಹಾಸು ಬೇಡ, ಒಲೆಯ ಸುತ್ತ ಬರಿನೆಲವೇ ಇರಬೇಕು. ಮಲಗುವ ಕಡೆಗೆ ಹುಲ್ಲು, ಅದರ ಮೇಲೆ ಫೋಮ್ ಹಾಸು. ಗಡ್ಡೆಗಟ್ಟಿದ ನೆಲಕ್ಕೆ ಬಿದಿರಿನ ಗೂಟ ಇಳಿಯದು, ಕಬ್ಬಿಣದ್ದೇ ಆಗಬೇಕು. ಎಲ್ಲ ಸೇರಿ ಒಂದು ಹೇಸರಗತ್ತೆಯ ಹೊರೆಯನ್ನೂ ಮೀರುವ ತೂಕ, ರಸ್ತೆ ಮುಟ್ಟುವ ಊರಾದ್ದರಿಂದ ಚಿಂತೆಯಿಲ್ಲ.

ಬಾಗಿಲಿಗೆ ಉದ್ದನೆಯ ಜಿಪ್ ಹಾಕಿಸಬೇಕೆಂದು ನಾನು ಬರೆದಿದ್ದೆ. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟರು. "ಥಂಡ್ಯಾಗ ಜಿಪ್ ಹಿಡಕೊಂತು ಅಂದ್ರ ಒಳಗಿನವ್ರು ಹೊರಗ ಹ್ಯಾಂಗ್ ಬರ್ತಾರ್ರಿ? ಬೆಂಕಿ ಬಿದ್ರ?" ನೀರು ಕೂತು ಹೆಪ್ಪುಗಟ್ಟಿದ ಜಿಪ್ ಜಗ್ಗಿದರೂ ಬರುವುದಿಲ್ಲ, ಗವಸು ತೊಟ್ಟ ಬೆರಳಿಗೆ ಅದರ ಕೊಂಡಿ ಸಿಗುವುದೂ ಇಲ್ಲ. ಜಿಪ್ ತೆಗೆದು ಮರದ ಗುಬುಟು, ಹಗ್ಗದ ಕುಣಿಕೆ ಎಂದು ತಿದ್ದಿದೆವು. ಎದುರು ಒಂದು, ಹಿಂದೆ ಒಂದು, ಎರಡು ಬಾಗಿಲು. ಸಂಕ್ರಾಂತಿ ಕಳೆದರೆ ಮತ್ತೆ ಮದುವೆಗಳು ಶುರು, ಅಷ್ಟರೊಳಗೆ ಹೊಲಿದುಕೊಡುವ ಮಾತಾಯಿತು.